ಲೈಲ್ ಟಾಲೆಫ್ಸನ್ ಗಿರಾಕಿಯಾದದ್ದು

ನೆಹೇಲಮ್ ನದಿಯಲ್ಲಿ ಮೀನು ಹಿಡಿಸುವ ಗೈಡ್ ಆಗಿದ್ದ ಲೈಲ್ ಟಾಲೆಫ್ಸನ್‌ನ ಕೈಲಿ ಬೈಸಿಕೊಳ್ಳದ ಗಿರಾಕಿ ಇರಲಿಲ್ಲ. ವಕೀಲರು, ಪಾದ್ರಿಗಳು, ಯಾರಾದರೂ ಸರಿ, ದುಡ್ಡು ಕೊಟ್ಟು ಅವನ ದೋಣಿಯಲ್ಲಿ ಉಗಿಸಿಕೊಂಡು ಹೋಗಿ ಮರುವರ್ಷ ಮತ್ತೆ ಬರುತ್ತಿದ್ದರು. ಮಳೆ ಶುರುವಾದಾಗ ಸಾಲ್ಮನ್, ಚಳಿ ಹೆಚ್ಚಿದಾಗ ಸ್ಟೀಲ್‌ಹೆಡ್ ಮೀನು. ಲೈಲ್ ಹುಟ್ಟು ಹಾಕುತ್ತಾ ದೋಣಿಯನ್ನು ಹರಿವಿನಲ್ಲಿ ತಡೆದು ಹಿಡಿದರೆ, ಮುಂದೆ ಇಳಿಬಿಟ್ಟ ಬಣ್ಣದ ಗಾಳ ನೀರಲ್ಲಿ ಕುಣಿಯುತ್ತಿತ್ತು. ಗಿರಾಕಿಗೆ ಇದ್ದದ್ದು ಒಂದೇ ಕೆಲಸ: ದೋಣಿಯ ಅಂಚಿಗೆ ಸಿಕ್ಕಿಸಿದ ಗಾಳದ ಕೋಲು ಪೂರ್ತಿ ಬಾಗುವವರೆಗೂ ಅದನ್ನು ಮುಟ್ಟಬಾರದು. ಮೊದಲ ಅಲುಗಾಟಕ್ಕೇ ಹಿಡಿದೆಳೆದರೆ ಮೀನು ಹೋಯಿತೆಂದೇ ಲೆಕ್ಕ. ಎಲ್ಲರೂ ಎಳೆಯುತ್ತಿದ್ದರು. "ಸುಮ್ನೆ ಕೂರೋದಕ್ಕೂ ಬರಲ್ವೇನ್ರೀ?" ಎಂದು ಲೈಲ್ ಕೆಂಡ ಕಾರುತ್ತಿದ್ದ.

ದೋಣಿ ನಡೆಸುವವನು ಕೋಲು ಹಿಡಿಯುವ ಪದ್ಧತಿಯಿಲ್ಲ. ಊರಿಗೆಲ್ಲ ಮೀನು ಹಿಡಿಸಿದವನು ತಾನೊಂದು ಸ್ಟೀಲ್‌ಹೆಡ್ ಹಿಡಿದು ಯಾವ ಕಾಲವಾಗಿತ್ತೋ. ಈ ಸಲ ಭುಜ ಕೈಕೊಟ್ಟಿತು. ಇನ್ನು ಹುಟ್ಟು ಮುಟ್ಟಬೇಡ ಎಂದರು ಡಾಕ್ಟರು. ದೋಣಿ ಮಾರುವ ಮುಂಚೆ ನನ್ನದೂ ಅಂತ ಒಂದು ಮೀನು ಹಿಡಿಯಲೇಬೇಕು ಎಂಬ ಹುಚ್ಚು ಹತ್ತಿತು ಅವನಿಗೆ. ಹೆಂಡತಿ ಮರ್ನಾ ಹುಟ್ಟು ಹಾಕಲು ಒಪ್ಪಿದಳು. ಅಪ್ಪನ ದೋಣಿಯಲ್ಲೇ ಬೆಳೆದವಳು ಅವಳು. ಮೊದಲ ತಿರುವನ್ನು ಅವಳು ದಾಟಿಸಿದ ರೀತಿ ನೋಡಿ ಲೈಲ್ ಸಲಹೆ ಕೊಡುವುದನ್ನೇ ಬಿಟ್ಟ.

ಮಡುವಿಗೆ ಬಂದದ್ದೇ ಕೋಲು ಅಲುಗಿತು. ಲೈಲ್ ಹಾರಿ ಹಿಡಿದೆಳೆದ. ಮೀನು ಹೋಯಿತು.

ಮರ್ನಾ ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಉರಿಯಿತು. ಮುಂದಿನ ಮಡುವಿನಲ್ಲೂ ಅದೇ ಕಥೆ. ಆಗ ಅವಳು ದೋಣಿಯನ್ನು ದಂಡೆಗೆ ತಂದು, ಅವನ ಒಂದು ಕೈಗೆ ಕಾಫಿ, ಇನ್ನೊಂದು ಕೈಗೆ ಸ್ಯಾಂಡ್‌ವಿಚ್ ಕೊಟ್ಟಳು. "ಇವೆರಡನ್ನೂ ಕೆಳಗಿಡಬೇಡಿ ಸಾರ್, ನಾನು ಹೇಳೋವರೆಗೂ," ಎಂದಳು.

ದೋಣಿ ಮತ್ತೆ ಹರಿವಿಗೆ ಇಳಿಯಿತು, ಮತ್ತೆ ಕೋಲು ಅಲುಗಿತು. ಕಾಫಿ ತುಳುಕಿ ತೊಡೆ ಸುಟ್ಟಿತು. ಲೈಲ್ ಹಲ್ಲು ಕಚ್ಚಿ ಕೂತ. ಕೋಲಿನ ತುದಿ ನೀರು ಮುಟ್ಟಿತು.

"ಈಗ," ಎಂದಳು ಮರ್ನಾ.

ಅವನು ತೋಳು ಸೋಲುವವರೆಗೆ ಗುದ್ದಾಡಿದ ಮೇಲೆ ಬೆಳ್ಳಿ ಮೈಯ ಹೆಣ್ಣುಮೀನು ದೋಣಿಯ ಪಕ್ಕಕ್ಕೆ ಬಂತು. ಬೆನ್ನಿನ ಪುಟ್ಟ ರೆಕ್ಕೆ ಕತ್ತರಿಸಿರಲಿಲ್ಲ. ಅಂದರೆ ಸಾಕಿ ಬಿಟ್ಟ ಮೀನಲ್ಲ, ನದಿಯಲ್ಲೇ ಹುಟ್ಟಿದ್ದು. ಅಂಥದ್ದನ್ನು ನೀರಿನಿಂದ ಎತ್ತದೆ ಬಿಡಬೇಕೆಂಬುದು ಕಾನೂನು. ತಾನೇ ಬಿಡೋಣವೆಂದು ಲೈಲ್ ಆಸೆಯಿಂದ ಬಗ್ಗಿದ. ಬಿಡುವುದು ದೋಣಿಯವರ ಕೆಲಸ ಎಂದು ಮರ್ನಾ ಅವನನ್ನು ಹಿಂದಕ್ಕೆ ಕೂರಿಸಿ, ಗಾಳ ಬಿಡಿಸಿ ಮೀನನ್ನು ಕಳಿಸಿಕೊಟ್ಟಳು. ಒಮ್ಮೆ ಮುಟ್ಟಲೂ ಸಿಗದಿದ್ದರೂ, ತನ್ನದೂ ಅಂತ ಒಂದು ಮೀನು ಹಿಡಿದ ಖುಷಿಗೆ ಲೈಲ್ ಮಗುವಿನ ಹಾಗೆ ಅತ್ತ.

"ನಾಳೆನೂ ಬರೋಣ್ವಾ?" ಎಂದ, ಮೂಗೊರೆಸಿಕೊಳ್ಳುತ್ತಾ.

"ನಾಳೆ ಆಗಲ್ಲ," ಎಂದಳು ಮರ್ನಾ. "ಹೋದ ವಾರ ನನ್ನ ಹೆಸರಿಗೆ ಗೈಡ್ ಲೈಸೆನ್ಸ್ ಬಂತು. ನಾಳೆ ಗಿರಾಕಿಗಳಿದಾರೆ, ದೋಣೀಲಿ ನಿಂಗೆ ಜಾಗ ಇಲ್ಲ."