ಗಂಟಲು ಕಟ್ಟುವ ಸಮ್ಮೇಳನ

ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ, ಕೆಲಸದಿಂದ ತೆಗೆಯುವ ನಮ್ಮ ಆಫೀಸಿನ ಎಚ್.ಆರ್. ಮೇಡಂ ವರ್ಷಕ್ಕೊಮ್ಮೆ ತಮ್ಮ ವೃತ್ತಿಯವರ ಸಮ್ಮೇಳನಕ್ಕೆ ಹೊರಟರೆಂದರೆ ತವರಿಗೆ ಹೊರಟವರ ಸಡಗರ. ವಾರ ಮೊದಲೇ ಸೂಟ್‌ಕೇಸು ಮೇಜಿನ ಕೆಳಗೆ ಬಂದು ಕೂರುತ್ತದೆ. ಮರಳುವಾಗ ಕೊರಳಲ್ಲಿ ಹೆಸರಿನ ಬಿಲ್ಲೆ, ಹೆಗಲಲ್ಲಿ ಬಿಟ್ಟಿ ಬಟ್ಟೆಚೀಲ, ಬಾಯಲ್ಲೊಂದು ಹೊಸ ಮಂತ್ರ. ಹೋದ ವರ್ಷದ ಮಂತ್ರ ‘ಎಲ್ಲರ ಮಾತನ್ನೂ ಆಲಿಸಿ’. ನೀರು ಕುಡಿಯಲು ಎದ್ದವರನ್ನೂ ಹಿಡಿದು ನಿಲ್ಲಿಸಿ ಆಲಿಸಿಬಿಟ್ಟರು. ಈ ವರ್ಷದ್ದು ‘ಮೆಚ್ಚುಗೆಯನ್ನು ತಕ್ಷಣ ಹೇಳಿ’. ರಜೆ ಕೇಳಲು ಹೋದ ನನ್ನನ್ನು “ಎಷ್ಟು ಚೆನ್ನಾಗಿ ಕೇಳಿದ್ರಿ!” ಎಂದು ಮೆಚ್ಚಿ, ರಜೆ ಕೊಡದೆ ಕಳಿಸಿದರು. ಆದರೆ ಪ್ರತಿ ಸಲವೂ ಮೇಡಂ ಗಂಟಲು ಕಟ್ಟಿಸಿಕೊಂಡೇ ಬರುತ್ತಾರೆ. “ಅಲ್ಲಿನ ನೀರು ಆಗಲ್ವಾ ಮೇಡಂ?” ಎಂದು ಈ ಸಲ ಕೇಳಿದೆ. “ನೀರಲ್ಲ ಕಣ್ರೀ, ಮಾತು! ಊಟದ ಹೊತ್ತಲ್ಲಿ ನಾನು ತಟ್ಟೆ ಹಿಡ್ಕೊಂಡು ಹೋದ್ರೆ ಅಲ್ಲಿ ಯಾರೂ ಮಾತು ನಿಲ್ಸಲ್ಲ. ಸರಿದು ಕೂತು, ಬನ್ನಿ ಬನ್ನಿ, ಏನು ಸಮಾಚಾರ ಅಂತಾರೆ,” ಎಂದು ನಕ್ಕರು. ನಮ್ಮ ಕ್ಯಾಂಟೀನಿನ ಬಾಗಿಲಿಗೆ ಅವರು ಬಂದರೆ ಸಾಕು, ಯಾರ ಕೆಲಸಕ್ಕೆ ಸಂಚಕಾರ ಬಂತೋ ಎಂದು ಇಡೀ ಮೇಜು ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಅಂದು ಮಧ್ಯಾಹ್ನ ಅವರು ತಟ್ಟೆ ಹಿಡಿದು ಬಂದಾಗ ನಾನು ಸರಿದು ಜಾಗ ಮಾಡಿದೆ. ಕೂತರು. ಎಂದಿನಂತೆ ಎಲ್ಲರೂ ಗಪ್‌ಚುಪ್. ಕೊನೆಗೆ ಮೇಡಂ ಅವರೇ ನನ್ನತ್ತ ತಿರುಗಿ, ಕಟ್ಟಿದ ಗಂಟಲಲ್ಲೇ ಪಿಸುಗುಟ್ಟಿದರು: “ಎಷ್ಟು ಚೆನ್ನಾಗಿ ಸರಿದ್ರಿ!”