ಎರಡು ಹಿಡಿ ಜೋಳ

ತಮ್ಮನ ಮಗಳು ಫೋನಿನಲ್ಲಿ ಜಗತ್ತಿನ ನಿಗೂಢ ಜಾಗಗಳನ್ನು ತೋರಿಸುತ್ತಿದ್ದಳು. ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈನ ನಮ್ಮ ಹೊಲದ ಮೋಟಾರ್ ಕೊಠಡಿಯ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ನುಗ್ಗೆಸೊಪ್ಪು ಬಿಡಿಸುತ್ತ, ನಾನು ಯಾವುದೋ ದ್ವೀಪದಲ್ಲಿ ಸಾಲಾಗಿ ನಿಂತ ಕಲ್ಲಿನ ತಲೆಗಳನ್ನು ನೋಡಿದೆ. ಮರುಭೂಮಿಯಲ್ಲಿ ಯಾರೋ ಎಳೆದ, ಆಕಾಶದಿಂದ ಮಾತ್ರ ಕಾಣುವ ಗೆರೆಗಳನ್ನು ನೋಡಿದೆ. ಗುಲಾಬಿ ಬಣ್ಣದ ಸರೋವರ ನೋಡಿದೆ. ದಿಂಡಿಗಲ್ಲಿನಿಂದ ಬಸ್ಸಿನಲ್ಲಿ ತೂಕಡಿಸಿಕೊಂಡು ಬಂದವಳಿಗೆ ಒಂದೇ ಮಧ್ಯಾಹ್ನ ಇಷ್ಟು ಪ್ರಯಾಣ ಹೆಚ್ಚೇ ಆಯಿತು. ನಮ್ಮ ಕಡೆ ಇಂಥದ್ದು ಒಂದೂ ಇಲ್ಲವಾ ಅತ್ತೆ ಎಂದು ಅವಳು ತಮಿಳಿನಲ್ಲಿ ಕೇಳಿದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಅಪರೂಪ.

ಎದುರಿಗೆ ತಮ್ಮ, ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳಿಗಾಗಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದ. ಮರುದಿನ ಬೆಳಿಗ್ಗೆ ಗುಂಡಿ ತೋಡುವ ಯಂತ್ರ ಬರಬೇಕಿತ್ತು. ಹೊಲದ ನಡುವೆ ಎರಡು ಮಂಚ ಹಾಕುವಷ್ಟು ನೆಲವನ್ನು ನಮ್ಮ ಮನೆಯಲ್ಲಿ ಯಾರೂ ಉತ್ತವರಲ್ಲ. ತಮ್ಮನ ಗೆರೆ ಅದರ ಮೇಲೆಯೇ ಹಾದುಹೋಗಿತ್ತು.

ಅಲ್ಲಿ ನೆಲದಲ್ಲಿ ಹೂತ ಎರಡು ದೊಡ್ಡ ಹರವಿಗಳ, ಸುಟ್ಟ ಮಣ್ಣಿನ ಗುಡಾಣಗಳ, ಬಾಯಿ ಅಕ್ಕಪಕ್ಕ ಇಣುಕುತ್ತವೆ. ಎತ್ತುಗಳು ಆ ಜಾಗಕ್ಕೆ ಬಂದರೆ ತಾವಾಗಿಯೇ ಸುತ್ತಿಕೊಂಡು ಹೋಗುತ್ತಿದ್ದವು. ಆಂಡಿಪಟ್ಟಿ ಸಂತೆಯಿಂದ ತಂದ ಹೊಸ ಎತ್ತೂ ಎರಡೇ ದಿನದಲ್ಲಿ ಕಲಿಯುತ್ತಿತ್ತು. ಲೋಕದ ಹೊಲಗಳೆಲ್ಲ ಹೀಗೇ ಎಂದು ನಾನು ನಂಬಿದ್ದೆ. ಮೂರನೇ ಕ್ಲಾಸಿನಲ್ಲಿ ಹೊಲದ ಚಿತ್ರ ಬರೆಯಿರಿ ಎಂದಾಗ ನಡುವೆ ಬಾಗಿದ ಸಾಲುಗಳನ್ನೇ ಬರೆದೆ. ಎತ್ತು ಕಳ್ಳು ಕುಡಿದಿತ್ತೇನು ಎಂದು ಮೇಷ್ಟ್ರು ಕೇಳಿದರು. ತರಗತಿಯೆಲ್ಲ ನಕ್ಕಿತು. ಚಿತ್ರದಲ್ಲಿ ತಪ್ಪೇನೆಂದು ನನಗೆ ತಿಳಿಯಲಿಲ್ಲ. ಇವತ್ತಿಗೂ ಪೂರ್ತಿ ತಿಳಿದಿಲ್ಲವೆನ್ನಿ.

ಆ ಜಾಗಕ್ಕೆ ಒಡತಿ ಅಂದರೆ ನನ್ನ ಅತ್ತೆ, ಅಪ್ಪನ ಅಕ್ಕ. ಜೋಳ ಕೊಯ್ದ ದಿನ ಮೊದಲ ಹಿಡಿಯನ್ನು ಅಲ್ಲಿ ಸುರಿದು, ಚೊಂಬಿನಿಂದ ನೀರು ಬಿಟ್ಟು, ಕುಕ್ಕರುಗಾಲಿನಲ್ಲಿ ಕೂತು ವರ್ಷದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು: ಯಾರಿಗೆ ಮದುವೆಯಾಯಿತು, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾವ ಹಸು ಒದೆಯುತ್ತದೆ. ನಮ್ಮವರು ಕನ್ನಡ ಸೀಮೆ ಬಿಟ್ಟು ಬಂದಾಗ ಜೊತೆಗಿದ್ದ ಮುದುಕ ಮುದುಕಿ, ಇನ್ನು ನಡೆಯಲಾರೆವು ಎಂದು ಇಲ್ಲೇ ಕೂತುಬಿಟ್ಟರಂತೆ. ಹರವಿಗಳಲ್ಲಿ ಮಲಗಿರುವುದು ಅವರೇ ಅಂತೆ. ನಾನು ಮಣ್ಣಿಗೆ ಕಿವಿಯಿಟ್ಟು ಕೇಳುತ್ತಿದ್ದೆ. ಕಂಬಂ ಊರಿನ ಕಡೆಯಿಂದ ಬೀಸುವ ಗಾಳಿ ಹರವಿಯ ಒಡಕಿನಲ್ಲಿ ಹೊಕ್ಕು ಹೂಂಗುಟ್ಟುತ್ತಿತ್ತು. ಸುದ್ದಿ ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಅಲ್ಲೇ ನಿದ್ದೆ ಹೋಗುತ್ತಿದ್ದೆ. ಅಷ್ಟು ಹಾಯಾದ ನಿದ್ದೆ ಆಮೇಲೆ ನನಗೆ ಬಂದದ್ದಿಲ್ಲ.

ಓದು ತಲೆಗೇರಿದ ಮೇಲೆ ದಿಂಡಿಗಲ್ಲಿನ ಕಾಲೇಜಿನಿಂದ ಚರಿತ್ರೆಯ ಮೇಡಂ ಒಬ್ಬರನ್ನು ಹೊಲಕ್ಕೆ ಕರೆತಂದೆ. ಅವರು ಹರವಿಯ ಅಂಚನ್ನು ಬೆರಳಿನಿಂದ ಸವರಿ, ಇವು ಸತ್ತವರನ್ನು ಇಡುತ್ತಿದ್ದ ಹರವಿಗಳೇ ಹೌದು, ಆದರೆ ನಿಮ್ಮವರು ಈ ಕಡೆ ಬರುವುದಕ್ಕಿಂತ ಎಷ್ಟೋ ನೂರು ವರ್ಷ ಹಿಂದಿನವು ಎಂದರು. ಹರವಿಯೊಳಗಿನವರು ಯಾರು, ಯಾವ ಭಾಷೆ ಮಾತಾಡುತ್ತಿದ್ದರು, ಹೇಳಬಲ್ಲವರಿಲ್ಲವಂತೆ. ನಾನು ಮನೆಗೆ ಓಡಿದೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅತ್ತೆಗೆ, "ಅವ್ರು ನಮ್ಮೋರಲ್ಲ ಅತ್ತೆ" ಎಂದೆ. ಬುದ್ಧಿವಂತಿಕೆ ಅಂದರೆ ಅದೇ ಎಂದುಕೊಂಡಿದ್ದ ವಯಸ್ಸು. ಅವಳ ಕೈ ನಿಂತಿತು. ಆಮೇಲೆ ಮತ್ತೆ ಬೀಜ ಬಿಡಿಸತೊಡಗಿದಳು. ಜೀವಮಾನವಿಡೀ ಗುರುತಿಲ್ಲದವರಿಗೆ ಮನೆಯ ಸುದ್ದಿ ಹೇಳಿಕೊಂಡೆನಲ್ಲ ಎಂದು ಅವಳಿಗೆ ಅನ್ನಿಸಿರಬೇಕೆಂದು ನನಗೆ ಸಂಕಟವಾಯಿತು.

ಆ ವರ್ಷದ ಕೊಯ್ಲಿನಲ್ಲಿ ನಾನು ದೂರದಿಂದ ನೋಡುತ್ತ ನಿಂತೆ. ಅತ್ತೆ ಹೋದಳು. ಒಂದು ಹಿಡಿ ಸುರಿದಳು. ಆಮೇಲೆ ಇನ್ನೊಂದು ಹಿಡಿ ಸುರಿದಳು. ಯಾಕೆ ಎಂದು ಕೇಳಿದೆ.

"ನಮ್ಮೋರಾಗಿದ್ರೆ ಒಂದ್ ಹಿಡಿ ಸಾಕಾಗಿತ್ತು ತಾಯಿ. ನಾವ್ ಬರೋಕ್ ಮುಂಚೇನೇ ಇದ್ದೋರು ಅಂತೀಯಲ್ಲ. ಅವ್ರ ಮನೆ ಮ್ಯಾಲೆ ತಾನೇ ನಾವ್ ಉಳ್ತಿರೋದು. ಒಂದ್ ದಿನಾನಾದ್ರೂ ಬೇಡ ಅಂದವ್ರಾ?"

ಅತ್ತೆ ತೀರಿಕೊಂಡು ಒಂಬತ್ತು ವರ್ಷ. ಜೋಳ ನಿಂತು ಟೊಮೇಟೊ ಬಂತು, ಈಗ ದ್ರಾಕ್ಷಿ. ಮದುವೆಯಾಗಿ ಹೋದವಳು ತಮ್ಮನ ಹೊಲದ ವಿಷಯದಲ್ಲಿ ಬಾಯಿ ಹಾಕಬಾರದೆಂದು ಇಷ್ಟು ವರ್ಷ ಸುಮ್ಮನಿದ್ದೆ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವಾಗಿ, ಒಂದು ಹಿಡಿ ಧಾನ್ಯ ಹಿಡಿದು ಹೋಗಲು ಓದಿದವಳಿಗೆ ನಾಚಿಕೆ. ಈಗ ಆ ನಾಚಿಕೆಗೇ ನಾಚಿಕೆಯಾಯಿತು. ಹುಡುಗಿಗೆ ಇದನ್ನೆಲ್ಲ ಹೇಳಿದೆ, ಕನ್ನಡದಲ್ಲೇ.

ಅವಳು ಫೋನನ್ನು ಮೆಟ್ಟಿಲ ಮೇಲಿಟ್ಟು ಎದ್ದು ಹೋದಳು. ಹಿಮ್ಮಡಿಯಿಂದ ಸುಣ್ಣದ ಗೆರೆಯನ್ನು ಅಳಿಸಿ, ಹರವಿಗಳ ಸುತ್ತ ಕಾಲ್ಬೆರಳಿನಿಂದ ಬಾಗಿದ ಗೆರೆಯೊಂದನ್ನು ಎಳೆದಳು. ತಮ್ಮ ಪುಡಿಯ ಬುಟ್ಟಿ ಹಿಡಿದು ನಿಂತಿದ್ದ.

"ಕಂಬ ಸೊಟ್ಟಕ್ ನಿಂತ್ರೆ ಊರೋರು ನಗ್ತಾರಕ್ಕಾ" ಎಂದ.

ಆ ನಗುವನ್ನೆಲ್ಲ ನಾನು ಮೂರನೇ ಕ್ಲಾಸಿನಲ್ಲೇ ಮುಗಿಸಿದ್ದೇನೆ ಎಂದೆ. ಅವನು ಬುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡ. ಆಮೇಲೆ ಬಗ್ಗಿ, ಮಗಳು ಎಳೆದ ಗೆರೆಯ ಗುಂಟ ಸುಣ್ಣ ಉದುರಿಸುತ್ತ ಹೋದ.

ಕೈಯಲ್ಲಿ ಜೋಳವಿರಲಿಲ್ಲ. ಹರವಿಗಳ ಬಳಿ ಹೋಗಿ ಮಡಿಲಿನ ನುಗ್ಗೆಸೊಪ್ಪನ್ನೇ ಎರಡು ಹಿಡಿ ಇಟ್ಟೆ. ಹುಡುಗಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹರವಿಯ ಬಾಯಿಗೆ ಬಗ್ಗಿದಳು. ಮಾತು ಹುಡುಕುತ್ತ, ಒಂದೊಂದಾಗಿ, ಕನ್ನಡದಲ್ಲಿ ಹೇಳಿದಳು:

"ಅಜ್ಜಾ, ಅಜ್ಜೀ, ನಾಳೆ ಮೆಷಿನ್ ಬರ್ತದೆ. ಸದ್ದಾಯ್ತದೆ. ಭಯ ಬೀಳ್ಬೇಡಿ."