ಯಾರೂ ಕಾಣದ ದ್ವೀಪದ ಹೆಸರು

ಕಾರ್ಖಾನೆಯಲ್ಲಿ ಅಂಟು ಕುದಿಸುವ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಒಂದಷ್ಟು ದ್ವೀಪಗಳನ್ನು ಮುಳುಗಿಸಿಬಿಟ್ಟಳು. ಅಲ್ಲಿ ಶಾಲೆಗಳಿಗೆ ಭೂಗೋಳ ತಯಾರಾಗುತ್ತಿತ್ತು. ರಟ್ಟಿನ ಚೆಂಡಿನ ಮೇಲೆ ಕಿತ್ತಳೆ ತೊಳೆಯ ಆಕಾರದ ನಕ್ಷೆಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಬೇಕು. ಒದ್ದೆ ಕಾಗದ ಹಿಗ್ಗುತ್ತದೆಂದು ಅವಳಿಗೇನು ಗೊತ್ತು? ಕೈ ಸುಮ್ಮನಿರದೆ ಆಗಷ್ಟೇ ಅಂಟಿಸಿದ ಪಟ್ಟಿಯೊಂದನ್ನು ಒತ್ತಿದಳು. ಅದು ಜಾರಿ ಪಕ್ಕದ್ದರ ಮೇಲೇರಿ, ಅಲ್ಲಿದ್ದ ದ್ವೀಪಗಳ ಚುಕ್ಕಿಗಳನ್ನು ಮುಚ್ಚಿತು.

“ಅಯ್ಯೋ ತಾಯಿ, ಬಂದ ದಿನವೇ ಪ್ರಳಯ ಮಾಡಿಬಿಟ್ರಲ್ಲ!”

ಅಂದವನು ಆ ಮೇಜಿನ ಯಜಮಾನ. ಎಲ್ಲರ ಬಾಯಲ್ಲೂ ಗೋಳದಣ್ಣ. ಉಗುರಿನಿಂದ ಅಂಚು ಎಬ್ಬಿಸಿ, ನೀರು ಮುಟ್ಟಿಸಿ, ಒಳಗೆ ಹೋದ ಚುಕ್ಕಿಗಳನ್ನು ಮೆಲ್ಲಗೆ ಹೊರಗೆ ತಂದ.

“ಇವು ಆಂಟಿಲೀಸ್ ಅಕ್ಕಾ, ವರ್ಷವಿಡೀ ಬಿಸಿಲಿರೋ ದ್ವೀಪಗಳು. ಹಿಂದೆ ಪರದೇಶದಲ್ಲಿ ನಕ್ಷೆ ಬರೆಯೋರು ತಮ್ಮ ಪಡುವಣ ಕಡಲಲ್ಲಿ ಆಂಟಿಲಿಯಾ ಅಂತ ಒಂದು ದ್ವೀಪ ಬರೀತಿದ್ರು. ಎದುರಿಗಿರೋ ದ್ವೀಪ ಅಂತ ಅರ್ಥ ಇರಬಹುದಂತೆ. ಕಂಡೋರು ಮಾತ್ರ ಯಾರೂ ಇಲ್ಲ. ಆಮೇಲೆ ಹಡಗು ಹತ್ತಿ ಹೋದೋರಿಗೆ ಅದು ಸಿಗಲಿಲ್ಲ, ಇವು ಸಿಕ್ಕವು. ಹೆಸರು ಖಾಲಿ ಇತ್ತಲ್ಲ, ಇವಕ್ಕೆ ಇಟ್ಟರು.”

“ಹುಟ್ಟದೋರ ಹೆಸರನ್ನ ಹುಟ್ಟಿದೋರಿಗೆ ಇಟ್ಟ ಹಾಗಾಯ್ತು. ಆ ಇಲ್ಲದ್ದು ಸುಮ್ಮನಿರುತ್ತಾ ಅಣ್ಣಾ?” ಎಂದು ಅವಳು ನಕ್ಕಳು.

ಅವನು ನಗಲಿಲ್ಲ. ಯಾರೋ ಕರೆದಂತೆ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಆಮೇಲೂ ಎಷ್ಟೋ ಸಲ ಹಾಗೇ ತಿರುಗುವುದನ್ನು ಕಂಡಳು. “ಗೋಳದಣ್ಣನ ಕಿವೀಲೂ ಭೂಮಿ ತಿರುಗ್ತಿದೆ” ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ಕಾರಣವನ್ನು ಅವನು ಬಾಯಿಬಿಟ್ಟದ್ದು ಉಬ್ಬಸ ಹೆಚ್ಚಿ ಹಾಸಿಗೆ ಹಿಡಿದ ಮೇಲೆ, ನೋಡಲು ಹೋದ ಅವಳೊಬ್ಬಳ ಮುಂದೆ.

“ನಮ್ಮವಳು ಬಸುರಿಯಿದ್ದಾಗಲೇ ಹೆಸರು ಆರಿಸಿಟ್ಟಿದ್ವಿ. ಕೂಸು ಉಸಿರೇ ಆಡಲಿಲ್ಲ. ಹಿಂದೆಯೇ ತಾಯಿಯೂ ಹೋದಳು. ಹೆಸರು ಮಾತ್ರ ಮನೇಲೇ ಉಳೀತು. ಬೀಗ ತೆಗೆದರೆ ಮೊದಲು ಅದೇ ಎದುರಿಗೆ ಬರುತ್ತೆ. ಕೆಲಸದಲ್ಲಿದ್ರೂ ಬಾಗಿಲಿಂದ ಯಾರೋ ಆ ಹೆಸರು ಕರೆದ ಹಾಗಾಗುತ್ತೆ. ನಾನು ಹೋದ್ರೆ ಅದಕ್ಕೆ ದಿಕ್ಕಿಲ್ಲ. ನಿಮಗೆ ಮೊಮ್ಮಗಳು ಹುಟ್ಟಿದಾಳಂತಲ್ಲ, ಅವಳಿಗೆ ಇಡ್ತೀರಾ?”

ಆ ಹೆಸರನ್ನೂ ಹೇಳಿದ. ಹಸುಗೂಸಿಗೆ ಉಸಿರಾಡದ ಕೂಸಿನ ಹೆಸರೇ ಎಂದು ಅವಳು ಅಳುಕಿದಳು. ಮನೆಗೆ ಬಂದರೂ ಅದೇ ಯೋಚನೆ. ಕೊನೆಗೆ ಆ ಆಂಟಿಲೀಸ್ ಚುಕ್ಕಿಗಳು ನೆನಪಾದವು. ಅವು ಇಲ್ಲದ ದ್ವೀಪದ ಹೆಸರು ಹೊತ್ತು ಜನ, ಮನೆ, ಮರ ಎಲ್ಲ ಇಟ್ಟುಕೊಂಡು ಚೆನ್ನಾಗಿಯೇ ಇವೆಯಲ್ಲ! ಮಗಳಿಗೆ ಹೆಸರು ಹೇಳಿದಳು. “ಚೆನ್ನಾಗಿದೆ ಕಣಮ್ಮ” ಎಂದ ಮಗಳು, ಎಲ್ಲಿಂದ ತಂದದ್ದು ಎಂದು ಕೇಳಲಿಲ್ಲ.

ಮಗು ಕೂರುವಂತಾದಾಗ ಎತ್ತಿಕೊಂಡು ಹೋಗಿ ಗೋಳದಣ್ಣನಿಗೆ ತೋರಿಸಿದಳು. ಅವನಿಗೆ ಮಾತಿಗಿಂತ ಏದುಸಿರೇ ಹೆಚ್ಚಾಗಿತ್ತು.

“ಹೆಸರು ಹಿಡಿದು ಕರೆದ್ರೆ ನೋಡ್ತಾಳಾ?”

“ನೋಡ್ತಾಳಣ್ಣ, ಬೊಚ್ಚುಬಾಯಿ ಬಿಟ್ಟು ನಗ್ತಾಳೆ.”

ಅವನು ಬಾಗಿಲ ಕಡೆ ಮುಖ ಹೊರಳಿಸಿದ. ಅವಳ ತೊಡೆಯ ಮೇಲಿದ್ದ ಮಗುವೂ ಆಗಲೇ ಅತ್ತ ತಿರುಗಿತ್ತು.

“ಯಾರೂ ಕರೀದಿದ್ದಾಗಲೂ ನೋಡ್ತಾಳೇನಕ್ಕಾ?” ಎಂದು ಕೇಳಿದ.